ಬಯೋಮೆಡಿಕಲ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಮಾರ್ಗದರ್ಶನ ಮಾಡಬೇಕಿದೆ, ಎಲ್ಲಿಂದ ಶುರು ಮಾಡಲಿ?

ಕೊನೇ ವರ್ಷದ ನಾಲ್ಕು ಮಕ್ಕಳನ್ನು ಕಾಲೇಜಿನವರು ನಿಮಗೆ ಒಪ್ಪಿಸಿದ್ದಾರೆ, ನೀವು ಆಸ್ಪತ್ರೆ ಯಂತ್ರಗಳ ಸರ್ವೀಸ್ ಮಾಡುವವರು, ಪಾಠ ಹೇಳಿ ಗೊತ್ತಿಲ್ಲ ಅಂತ ಬರೆದಿದ್ದೀರಿ. ನಾನೂ ಅದೇ ಜಾತಿಯವನು. ಕಾರವಾರದಿಂದ ಭಟ್ಕಳದವರೆಗೆ ಟೂಲ್ ಬ್ಯಾಗ್ ಹೊತ್ತು ತಿರುಗಿ, ಈಗ ಶಿರಸಿಯಲ್ಲಿ ಕೂತಿದ್ದೇನೆ. ಮಾಸ್ತರಿಕೆ ಬರುವುದಿಲ್ಲ ಅಂತ ಹೆದರಬೇಡಿ. ಮಕ್ಕಳಿಗೆ ಪಾಠ ಹೇಳಲು ಕಾಲೇಜಿನಲ್ಲಿ ಜನ ಇದ್ದಾರೆ. ಕೆಟ್ಟ ಯಂತ್ರ ತೋರಿಸುವವರೇ ಇಲ್ಲ.

ಮಕ್ಕಳು ಬರುವಾಗಲೇ ಐಡಿಯಾ ಹಿಡಿದುಕೊಂಡು ಬರುತ್ತಾರೆ. ನನ್ನ ಮೊದಲ ತಂಡದ್ದು ಮೊಬೈಲಿಗೆ ಮೆಸೇಜ್ ಕಳಿಸುವ ಸ್ಮಾರ್ಟ್ ಮಂಚ. ಬೇಡ ಅನ್ನಲಿಲ್ಲ. ದೇವಿಮನೆ ಘಟ್ಟ ಇಳಿಸಿ, ಕರಾವಳಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯಾಧಿಕಾರಿಯ ಲಿಖಿತ ಅನುಮತಿ ಮೊದಲೇ ತೆಗೆದುಕೊಂಡಿದ್ದೆ, ನೀವೂ ತೆಗೆದುಕೊಳ್ಳಿ. ಜುಲೈ ತಿಂಗಳು, ಸ್ಟೋರ್ ರೂಮಿನ ಗೋಡೆಗೆಲ್ಲ ಬೂಷ್ಟು. ಮೂಲೆಯಲ್ಲಿ 2021ರ ಕೋವಿಡ್ ಹೊತ್ತಿಗೆ ಬಂದಿದ್ದ ಆಕ್ಸಿಜನ್ ಕಾನ್ಸಂಟ್ರೇಟರುಗಳು, ಅಂದರೆ ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ರೋಗಿಗೆ ಕೊಡುವ ಯಂತ್ರಗಳು. ಒಂದರ ಬೆನ್ನು ಬಿಚ್ಚಿ ಅಂದೆ. ಪವರ್ ಸಪ್ಲೈ ಪಕ್ಕ ಹಲ್ಲಿಯ ಎರಡು ಬಿಳಿ ಮೊಟ್ಟೆ. ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು. ಒಬ್ಬ ಹುಡುಗ ಮೊಟ್ಟೆಯ ಫೋಟೋ ತೆಗೆದ. ನಗಲಿ ಬಿಡಿ, ಯಂತ್ರದ ಗಾಳಿಕಿಂಡಿಗೆ ಜಾಲರಿ ಯಾಕೆ ಬೇಕು ಅಂತ ಅವನಿಗೆ ಇನ್ನು ಯಾರೂ ಹೇಳಬೇಕಿಲ್ಲ.

ಇನ್ನೊಂದು ಯಂತ್ರ ಚಾಲು ಮಾಡಿದೆವು. ಗುರ್ ಅಂತ ಶುರುವಾಯಿತು, ಹರಿವು ತೋರಿಸುವ ಫ್ಲೋ ಮೀಟರಿನ ಗುಂಡು ನಿಮಿಷಕ್ಕೆ 5 ಲೀಟರಿಗೆ ಏರಿ ನಿಂತಿತು. ನಳಿಕೆಯ ತುದಿಯನ್ನು ಲೋಟದ ನೀರಿಗೆ ಹಾಕಿದರೆ ಗುಳ್ಳೆ ಬರುತ್ತಿತ್ತು. "ಸರ್, ಇದು ಸರಿ ಉಂಟಲ್ಲ" ಅಂದಳು ಹೊನ್ನಾವರದ ಹುಡುಗಿ. ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ ನನ್ನ ಅನಲೈಸರ್ ಹಿಡಿದೆ: 58 ಶೇಕಡ. ಇರಬೇಕಾದ್ದು 90ರ ಮೇಲೆ.

ಅಲ್ಲಿಂದ ಮುಂದೆ ಸ್ಮಾರ್ಟ್ ಮಂಚದ ಮಾತು ಯಾರೂ ಎತ್ತಲಿಲ್ಲ. ಆ ಯಂತ್ರದೊಳಗೆ ಜಿಯೋಲೈಟ್ ಅಂತ ರವೆಯಂಥ ಕಾಳು ತುಂಬಿದ ಎರಡು ಕೊಳವೆ ಇರುತ್ತವೆ. ಒತ್ತಡದಲ್ಲಿ ಗಾಳಿ ನುಗ್ಗಿಸಿದರೆ ಅದರಲ್ಲಿ ನೂರಕ್ಕೆ 78 ಪಾಲಿರುವ ನೈಟ್ರೋಜನ್ನನ್ನು ಕಾಳು ಹಿಡಿದಿಟ್ಟುಕೊಳ್ಳುತ್ತದೆ, ಒತ್ತಡ ಇಳಿಸಿದರೆ ಬಿಡುತ್ತದೆ. ಒಂದು ಕೊಳವೆ ಹಿಡಿಯುವಾಗ ಇನ್ನೊಂದು ಬಿಡುತ್ತದೆ. ಆದರೆ ನೈಟ್ರೋಜನ್ನಿಗಿಂತ ನೀರಿನ ಪಸೆ ಆ ಕಾಳಿಗೆ ಹೆಚ್ಚು ಪ್ರೀತಿ, ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಮಳೆಗಾಲದಲ್ಲಿ ಓಡಿಸದೆ ಮೂಲೆಗಿಟ್ಟ ಯಂತ್ರದ ಗತಿ ಏನಾಗುತ್ತದೆ, ನೀವೇ ಲೆಕ್ಕ ಹಾಕಿ. ಗುಂಡು ಏರುತ್ತದೆ, ಗುಳ್ಳೆಯೂ ಬರುತ್ತದೆ, ಆಕ್ಸಿಜನ್ ಮಾತ್ರ ಸಾಲದು. ಆ ಮಾದರಿಯಲ್ಲಿ ಶುದ್ಧತೆ ಕಡಿಮೆಯಾದರೆ ಹೇಳುವ ದೀಪವೇ ಇರಲಿಲ್ಲ.

ಹಾಗಾಗಿ ನಳಿಕೆಯ ದಾರಿಯಲ್ಲಿ ಕೂರಿಸುವ, ಶೇಕಡಾವಾರು ತೋರಿಸುವ ಚಿಕ್ಕ ಡಬ್ಬಿ ಮಾಡುವುದು ಅಂತಾಯಿತು. ಲ್ಯಾಬಿನಲ್ಲಿ ಚೆಂದ ಓಡಿತು. ವಾರ್ಡಿಗೆ ತಂದು, ರೋಗಿ ಇಲ್ಲದ ಹಾಸಿಗೆಯ ಪಕ್ಕ ಇಟ್ಟರೆ ಅರ್ಧ ಗಂಟೆಯಲ್ಲಿ ಅಂಕೆ ಎತ್ತೆತ್ತಲೋ ಓಡತೊಡಗಿತು. ಆಕ್ಸಿಜನ್ನಿಗೆ ಪಸೆ ಸೇರಿಸುವ ನೀರಿನ ಬಾಟಲಿ ದಾಟಿದ ಮೇಲೆ ಸೆನ್ಸರ್ ಹಾಕಿದ್ದರು, ಅದರ ಮುಖದ ಮೇಲೆ ಹನಿ ಕೂತಿತ್ತು. ಬಾಟಲಿಗಿಂತ ಮೊದಲೇ ಹಾಕಬೇಕು ಅಂತ ನಾನು ಹೇಳುವ ಮುಂಚೆ ಸಿಸ್ಟರ್ ಒಬ್ಬರು ಕೇಳಿದರು: "ಬಾಟಲಿ ನಾನು ದಿನಾ ಬಿಚ್ಚಿ ತೊಳೀತೇನೆ. ಆವಾಗ ಇದನ್ನ ಎಲ್ಲಿಡ್ಲಿ?" ಮಕ್ಕಳ ಹತ್ತಿರ ಉತ್ತರ ಇರಲಿಲ್ಲ. ಆ ಒಂದು ಮಾತಿಗೆ ಡಬ್ಬಿಯ ಆಕಾರವೇ ಬದಲಾಯಿತು: ಯಂತ್ರಕ್ಕೇ ತಿರುಪು ಹಾಕಿ ಕೂರಿಸಿದರು, ಬಾಟಲಿ ಬಿಚ್ಚಿದರೂ ಅದು ಅಲ್ಲೇ ಇರುವ ಹಾಗೆ.

ನಾನು ಒಮ್ಮೆ ಮಾತ್ರ ಜೋರಾಗಿ ಬೈದೆ. ಬಿಗಿ ನಳಿಕೆ ಹತ್ತಲಿಲ್ಲ ಅಂತ ಒಬ್ಬ ಬೆರಳಿಗೆ ತೆಂಗಿನೆಣ್ಣೆ ಸವರಿಕೊಂಡಿದ್ದ. ನಮ್ಮ ಕಡೆ ಎಲ್ಲದಕ್ಕೂ ಅದೇ ಮದ್ದು ತಾನೆ! ಆಕ್ಸಿಜನ್ ಹರಿಯುವ ಜಾಗಕ್ಕೆ ಎಣ್ಣೆ, ಗ್ರೀಸು ಯಾವುದೂ ತಾಗಬಾರದು, ಬೆಂಕಿಗೆ ಕರೆ ಕೊಟ್ಟ ಹಾಗೆ. ಇದನ್ನು ಮೊದಲ ದಿನವೇ ಹೇಳದೇ ಇದ್ದದ್ದು ನನ್ನ ತಪ್ಪು, ಬೈದದ್ದು ಅವನನ್ನು.

ಪ್ರತಿ ಶನಿವಾರ ಒಂದೇ ಪ್ರಶ್ನೆ ಕೇಳಿ: ನಿಮ್ಮ ಡಬ್ಬಿ ಕೆಟ್ಟರೆ ಏನು ತೋರಿಸುತ್ತದೆ? ನಮ್ಮವರದ್ದರಲ್ಲಿ ವೈರ್ ಸಡಿಲವಾದರೂ ಪರದೆಯ ಮೇಲೆ ಹಳೆಯ 93 ಹಾಗೇ ನಿಂತಿರುತ್ತಿತ್ತು. ಡಬ್ಬಿಯೇ ಇಲ್ಲದಿದ್ದರೆ ಸಿಸ್ಟರ್ ಅನುಮಾನವನ್ನಾದರೂ ಪಡುತ್ತಿದ್ದರು. ಅಂಕೆ ಅಳಿಸಿ ಗೆರೆ ಬರುವ ಹಾಗೆ ಮಾಡಲು ಹದಿನೈದು ದಿನ ಹಿಡಿಯಿತು, ಜೋಡಣೆ ಸೋರಿ ರೋಗಿಗೆ ಹೋಗುವ ಗಾಳಿಯೇ ಕಡಿಮೆಯಾದರೆ ಏನು ಅಂತ ನೋಡಲು ಇನ್ನೊಂದು ವಾರ. ವೈದ್ಯಕೀಯ ಸಾಧನಗಳ ಅಪಾಯ ನಿಭಾಯಿಸುವ ಬಗ್ಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14971 ಹೇಳುವುದು ಈ ಲೆಕ್ಕಾಚಾರವನ್ನೇ. ಮೊದಲು ಇದನ್ನು ಮಾಡಿಸಿ, ಆಮೇಲೆ ಅದನ್ನು ಓದಲು ಕೊಡಿ. ತಿರುಗಾಮುರುಗಾ ಮಾಡಿದರೆ ನಿದ್ದೆ ಹೊಡೆಯುತ್ತಾರೆ.

ಕಾಯಿದೆಯದ್ದು ಚಿಕ್ಕದಾಗಿ ಹೇಳುತ್ತೇನೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳಲ್ಲಿ ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ ಮಾಡಿದ್ದಾರೆ. ತಮ್ಮದು ಯಾವುದರಲ್ಲಿ ಬರುತ್ತದೆ ಅಂತ ಮಕ್ಕಳೇ ಹುಡುಕಲಿ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ರೋಗಿಯ ಮೈಗೆ ಏನನ್ನೂ ಹಚ್ಚುವಂತಿಲ್ಲ, ಒಂದು ನಿಮಿಷಕ್ಕೂ ಇಲ್ಲ, ನಿಮ್ಮ ಸ್ವಂತ ಚಿಕ್ಕಪ್ಪನಾದರೂ ಇಲ್ಲ.

ಆ ಡಬ್ಬಿ ಮಾರುಕಟ್ಟೆಗೆ ಬಂತಾ ಅಂತ ಕೇಳುತ್ತೀರಿ. ಬರಲಿಲ್ಲ. ಅದರೊಳಗೆ ಆಕ್ಸಿಜನ್ ಅಳೆಯುವ ಸೆಲ್ ಬಳಸದೇ ಇಟ್ಟರೂ ಒಂದೆರಡು ವರ್ಷಕ್ಕೆ ಸವೆದು ಹೋಗುವಂಥದ್ದು. ಆಮೇಲೆ ಹೊಸದನ್ನು ತರಿಸುವವರು ಯಾರು, ದುಡ್ಡು ಯಾವ ಲೆಕ್ಕದಲ್ಲಿ ಅಂತ ಸ್ಟೋರ್ ಕೀಪರ್ ಕೇಳಿದ್ದಕ್ಕೆ ನಾನೂ ಸುಮ್ಮನಾದೆ. ಈ ವರ್ಷದ ತಂಡ ಶಬ್ದದ ವೇಗದಿಂದ ಅಳೆಯುವ ಸೆನ್ಸರ್ ಹಿಡಿದಿದೆ. ಆಕ್ಸಿಜನ್ನಿನಲ್ಲಿ ಶಬ್ದ ನೈಟ್ರೋಜನ್ನಿಗಿಂತ ಸ್ವಲ್ಪ ನಿಧಾನ, ಸವೆಯುವ ಸೆಲ್ ಬೇಕಿಲ್ಲ. ಆದರೆ ಸೆಖೆಗೂ ಪಸೆಗೂ ಅದರ ಅಂಕೆ ಅಲುಗಾಡುತ್ತದೆ, ಕುಮಟೆಯಲ್ಲಿ ಎರಡಕ್ಕೂ ಬರವಿಲ್ಲ. ಮುಂದಿನ ಬುಧವಾರ ಮತ್ತೆ ಘಟ್ಟ ಇಳಿಯುತ್ತೇವೆ. ನಿಮ್ಮ ನಾಲ್ವರನ್ನೂ ಕಳಿಸುವುದಾದರೆ ಕಳಿಸಿ, ಜೀಪಿನಲ್ಲಿ ಜಾಗ ಇದೆ.