ಎರಡನೇ ಕಾಟಾ ಹಾಕಿಸುವ ಮೊದಲು

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದೊಂದು ತೊಗರಿ ದಾಲ್ ಮಿಲ್ ಇದೆ. ಸುಗ್ಗಿಯಲ್ಲಿ ದಿನಕ್ಕೆ 12 ಲಾರಿ ಬರುತ್ತವೆ. ಜಾಸ್ತಿ ಗಾಡಿಗಳು ಎಪಿಎಂಸಿ ವ್ಯಾಪಾರ ಮುಗಿದ ಮೇಲೆ, ಮಧ್ಯಾಹ್ನ 2ರ ನಂತರ ಒಟ್ಟಿಗೇ ಬರುತ್ತವೆ. ರಸ್ತೆವರೆಗೂ ಸಾಲು, ದಿನಾ ಡ್ರೈವರ್‌ಗಳ ಜಗಳ. ಒಂದು ಸಲ ತೂಕಕ್ಕೆ 6 ನಿಮಿಷ, ಒಂದು ಲಾರಿ ಇಳಿಸಲು ಒಂದೂವರೆ ಗಂಟೆ, ಹಮಾಲರ ಗ್ಯಾಂಗ್ ಎರಡು. ಇನ್ನೊಂದು ಲಾರಿ ಕಾಟಾ ಹಾಕಿಸೋಣ ಅಂತಾನೆ ಅಣ್ಣ. ಮೊದಲು ಕಂಪ್ಯೂಟರ್ ಸಿಮ್ಯುಲೇಶನ್ ಮಾಡಿ, ಅಂದರೆ ಲಾರಿಗಳ ಓಡಾಟವನ್ನು ಕಂಪ್ಯೂಟರಲ್ಲೇ ನಕಲು ಮಾಡಿ ನೋಡೋಣ ಅಂತಾನೆ ಮಗ. ನಮ್ಮಂಥ ಸಣ್ಣ ಮಿಲ್ಲಿಗೆ ಅದೆಲ್ಲ ಬೇಕಾ?

ಉತ್ತರ: ಬೇಕು. ಆದರೆ ಅದಕ್ಕೂ ಮೊದಲು ನೀವೇ ಬರೆದ ಅಂಕಿಗಳನ್ನು ಗುಣಿಸಿ ನೋಡಿ. ಪ್ರತಿ ಲಾರಿ ಎರಡು ಸಲ ಕಾಟಾ ಹತ್ತುತ್ತದೆ, ತುಂಬಿದಾಗ ಒಮ್ಮೆ, ಖಾಲಿಯಾದ ಮೇಲೆ ಒಮ್ಮೆ. 12 ಲಾರಿಗೆ 144 ನಿಮಿಷ, ಅಂದರೆ ಎರಡೂವರೆ ಗಂಟೆಯೂ ಇಲ್ಲ. ಇಳಿಸುವುದಕ್ಕೋ, ಎರಡು ಗ್ಯಾಂಗ್ ಒಂದು ನಿಮಿಷ ಕೂರದೆ ದುಡಿದರೂ 9 ಗಂಟೆ ಬೇಕು! ಸಾಲು ಕಾಣುವುದು ಕಾಟಾ ಮುಂದೆ, ಹುಟ್ಟುವುದು ಗೋಡೌನ್ ಬಾಗಿಲಲ್ಲಿ. ಮೂರನೇ ಗ್ಯಾಂಗ್ ಹಾಕಿದರೆ ಅದೇ ಕೆಲಸ 6 ಗಂಟೆ.

ಹಾಗಾದರೆ ಸಿಮ್ಯುಲೇಶನ್ ಯಾಕೆ ಅಂತ ಕೇಳಬಹುದು. ಸರಾಸರಿ ನಂಬಿದರೆ ಮೋಸ ಹೋಗುತ್ತೀರಿ, ಅದಕ್ಕೆ. ಒಂದು ಲಾರಿ ಒಂದು ಗಂಟೆಗೆ ಖಾಲಿ ಆಗುತ್ತದೆ, ಇನ್ನೊಂದು ಎರಡೂವರೆ ಹಿಡಿಯುತ್ತದೆ. ಗಾಡಿ ಬರುವ ಹೊತ್ತೂ ಕೆಲಸದ ಹೊತ್ತೂ ಹೀಗೆ ಏರುಪೇರಾಗುವ ಕಡೆ ಸಾಲು ಹೇಗೆ ಬೆಳೆಯುತ್ತದೆ ಅನ್ನುವುದಕ್ಕೆ ಒಂದು ಹಳೆಯ, ಸರಳ ಲೆಕ್ಕವಿದೆ. ಕೆಲಸದ ಜಾಗ ಒಂದೇ ಇದ್ದು, ಅದು 80% ಹೊತ್ತು ಬಿಡುವಿಲ್ಲದೆ ನಡೆಯುತ್ತಿದ್ದರೆ ಕಾಯುವ ಸಮಯ ಸರಾಸರಿ ಕೆಲಸದ ಸಮಯದ 4 ಪಟ್ಟು, 90%ಗೆ 9 ಪಟ್ಟು, 95%ಗೆ 19 ಪಟ್ಟು. ಕೊನೆಯ ಸ್ವಲ್ಪದಲ್ಲೇ ಎಲ್ಲ ಕೆಡುತ್ತದೆ ನೋಡಿ.

ಇನ್ನೊಂದು ವಿಷಯ ಗುಣಾಕಾರದಲ್ಲಿ ಕಾಣುವುದೇ ಇಲ್ಲ. ಹೊರಗೆ ಹೋಗುವ ಖಾಲಿ ಲಾರಿ, ಒಳಗೆ ಬರುವ ತುಂಬಿದ ಲಾರಿ, ಎರಡೂ ಒಂದೇ ಕಾಟಾಕ್ಕೆ ಎದುರುಬದುರು ನಿಂತಾಗ ಯಾರಿಗೆ ಮೊದಲು ದಾರಿ? ನಿಮ್ಮ ಅಂಗಳದಲ್ಲಿ ಮೂರ್ನಾಲ್ಕು ಲಾರಿಗಷ್ಟೇ ಜಾಗವಿದ್ದರೆ ಒಳಗಿನದು ಹೊರಬೀಳದೆ ಹೊರಗಿನದಕ್ಕೆ ಜಾಗ ಸಿಗಲ್ಲ, ಅಷ್ಟು ಹೊತ್ತು ಒಂದು ಗ್ಯಾಂಗ್ ಸುಮ್ನೆ ಕೂತಿರುತ್ತದೆ. ಖಾಲಿ ಲಾರಿಗೆ ಮೊದಲ ಸರದಿ ಅಂತ ನಿಯಮ ಮಾಡಿದರೆ ಏನಾಗುತ್ತದೆ, ಅರ್ಧ ಲಾರಿಗಳಿಗೆ ಮರುದಿನ ಬೆಳಿಗ್ಗೆ ಬನ್ನಿ ಅಂದರೆ ಏನಾಗುತ್ತದೆ, ಇಂಥದ್ದನ್ನೆಲ್ಲ ಪೈಸೆ ಖರ್ಚಿಲ್ಲದೆ, ಯಾರ ಜೊತೆಗೂ ಜಗಳವಿಲ್ಲದೆ ಕಂಪ್ಯೂಟರಲ್ಲಿ ನೂರಾರು ಸಲ ಓಡಿಸಿ ನೋಡಬಹುದು.

ದುಬಾರಿ ಸಾಫ್ಟ್‌ವೇರ್ ಬೇಡ. ಅರೀನಾ, ಎನಿಲಾಜಿಕ್ ಎಲ್ಲ ಸೇಡಂ, ವಾಡಿ ಕಡೆಯ ಸಿಮೆಂಟ್ ಫ್ಯಾಕ್ಟರಿಯಂಥ ದೊಡ್ಡ ಜಾಗಕ್ಕಿರಲಿ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಸಿಮ್‌ಪೈ ಉಚಿತ, ಜಾಮ್‌ಸಿಮ್ ಕೂಡ ಉಚಿತ. ಪಿಡಿಎಯಂಥ ಇಂಜಿನಿಯರಿಂಗ್ ಕಾಲೇಜಿನ ಕೊನೆ ವರ್ಷದ ಹುಡುಗರಿಗೆ ಇದು ಒಳ್ಳೇ ಪ್ರಾಜೆಕ್ಟ್.

ಆದರೆ ಅವರ ಕೈಗೆ ನೀವು ಕೊಡುವ ಸಮಯ ನಿಜವಿರಬೇಕು. ಗೇಟ್, ಮೊದಲ ತೂಕ, ಇಳಿಸಲು ಶುರು, ಮುಗಿದದ್ದು, ಖಾಲಿ ತೂಕ. ಪ್ರತಿ ಲಾರಿಗೆ ಈ ಐದು ಹೊತ್ತನ್ನು ಎರಡು ವಾರ ಬರೆಸಿ. ಅಂದಾಜು ಬೇಡ, ಗಡಿಯಾರ ನೋಡಿಯೇ ಬರೆಯಲಿ. ಮಾಡೆಲ್, ಅಂದರೆ ಕಂಪ್ಯೂಟರಿನ ಆ ನಕಲು, ತಯಾರಾದ ಮೇಲೆ ಆ ದಿನಗಳಲ್ಲೇ ಒಂದನ್ನು ಅದರಲ್ಲಿ ಓಡಿಸಿ. ನಿಮ್ಮಲ್ಲಿ ಕೊನೆ ಲಾರಿ ರಾತ್ರಿ 11ಕ್ಕೆ ಹೊರಟಿದ್ದು, ಕಂಪ್ಯೂಟರ್ 8 ಗಂಟೆ ಅಂದರೆ ಮಾಡೆಲ್ ತಪ್ಪು, ತಿದ್ದಿಸಿ. ಎರಡೂ ಹೊಂದುವವರೆಗೆ ಕಾಟಾದವರಿಗೆ ಅಡ್ವಾನ್ಸ್ ಕೊಡಬೇಡಿ.