ಓದುಗರ ಪ್ರಶ್ನೆ: ಚದುರುವ ಮನಸ್ಸು

ಪ್ರಶ್ನೆ: ಸಂಜೆ ಮನೆಮಂದಿಯೊಡನೆ ಪ್ರಾರ್ಥನೆಗೆ ಕುಳಿತಾಗಲೂ ನನ್ನ ಮನಸ್ಸು ಮೊಬೈಲಿನ ಕಡೆಗೇ ಹರಿಯುತ್ತದೆ. ಸಂಡೇ ಸ್ಕೂಲಿನ ಮಕ್ಕಳಿಗೆ ಪಾಠ ಹೇಳುವ ಸಿದ್ಧತೆಯೂ ಅರ್ಧಕ್ಕೇ ನಿಲ್ಲುತ್ತಿದೆ. ಏನು ಮಾಡಲಿ?
– ಒಬ್ಬ ಸಹೋದರಿ, ಮಂಜೇಶ್ವರ

ಉತ್ತರ: ಸಹೋದರಿ, ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸುವನ್ನು ಮನೆಗೆ ಬರಮಾಡಿಕೊಂಡ ಮಾರ್ಥಳ ಮನಸ್ಸನ್ನು ಚದುರಿಸಿದ್ದು ಕೆಟ್ಟ ಕೆಲಸವಲ್ಲ, ಅತಿಥಿಸತ್ಕಾರವೇ, ಆದರೂ ಅಗತ್ಯವಾದದ್ದು ಒಂದೇ ಎಂದು ಯೇಸು ಆಕೆಗೆ ನೆನಪಿಸಿದರು. ಆದ್ದರಿಂದ ಮೊಬೈಲನ್ನು ಹಳಿಯುವುದಕ್ಕಿಂತ, ಅದು ಯಾವುದರ ಸ್ಥಾನವನ್ನು ಆಕ್ರಮಿಸುತ್ತಿದೆ ಎಂದು ಕೇಳಿಕೊಳ್ಳುವುದು ಮೇಲೆಂದು ನನಗೆ ತೋರುತ್ತದೆ.

ಮನಸ್ಸನ್ನು ಒಂದೇ ಕೆಲಸದಲ್ಲಿ ನಿಲ್ಲಿಸುವುದಕ್ಕೆ ಉದಾಹರಣೆಯಾಗಿ, ನಮ್ಮ ನೆರೆಯ ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟನ್ನು ನೆನೆಯಿರಿ. 1853ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಸೇವೆಗೆಂದು ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್, ಇಲ್ಲಿನ ಜನರ ನುಡಿಯನ್ನು ಆಳವಾಗಿ ಅರಿಯುವ ಕೆಲಸಕ್ಕೆ ದೀರ್ಘಕಾಲದ ತಾಳ್ಮೆಯನ್ನಿತ್ತು, ಸುಮಾರು 70,000 ಪದಗಳನ್ನು ಅದರಲ್ಲಿ ಕೂಡಿಸಿದರು. ಇದನ್ನು ನೆನೆದಾಗಲೆಲ್ಲ ನನ್ನಲ್ಲಿ ಕೃತಜ್ಞತೆ ಉಕ್ಕುತ್ತದೆ.

ಪ್ರಾರ್ಥನೆಯ ಹೊತ್ತಿಗೆ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಪಾಠವನ್ನು ಶನಿವಾರ ರಾತ್ರಿಗೆ ಉಳಿಸದೆ ಸೋಮವಾರದಿಂದಲೇ ದಿನಕ್ಕೊಂದು ಭಾಗವನ್ನು ಓದಿ, ಒಂದೊಂದು ಮಗುವಿನ ಹೆಸರನ್ನೂ ಹೇಳಿ ಪ್ರಾರ್ಥಿಸಿ. ನಡುವೆ ಮನಸ್ಸು ಚದುರಿದರೆ ನಿಮ್ಮನ್ನು ನೀವೇ ಜರಿದುಕೊಳ್ಳದೆ, ನಿಲ್ಲಿಸಿದ ವಾಕ್ಯದಿಂದಲೇ ಮತ್ತೆ ಆರಂಭಿಸಿ.