‘ದರ’ ಬರೆಯೋಕೆ ಎರಡೇ ಅಕ್ಷರ

ವಿರಾಜಪೇಟೆ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಐದು ಪುಟದ ಪತ್ರ ಬರೆದಿದ್ದಾರೆ. ಕಳೆದ ನವೆಂಬರಿನಲ್ಲಿ ಅವರು ಪಕ್ಕದ ಕಾಫಿ ತೋಟದ ಲೈನ್ ಮನೆಯಲ್ಲಿ (ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಮನೆ) ಸಂಜೆ ಆರು ಗಂಟೆಗೆ ಅಕ್ಷರ ಕಲಿಸಲು ಶುರು ಮಾಡಿದರಂತೆ. ಹದಿನಾಲ್ಕು ಹೆಂಗಸರು ಬಂದರು. ಫೆಬ್ರವರಿ ಹೊತ್ತಿಗೆ ಉಳಿದವರು ಮೂವರು. ಅವರ ಪ್ರಶ್ನೆ ಇದು: “ಐವತ್ತು ದಾಟಿದವರಿಗೆ ಇನ್ನು ಅಕ್ಷರ ಯಾಕೆ? ಫೋನೇ ಮಾತಾಡುತ್ತದೆ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಸಾಕು. ಅದೇ ಸಮಯವನ್ನು ಮಕ್ಕಳಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು ಅಲ್ವಾ? ಜೂನಿನಲ್ಲಿ ಮತ್ತೆ ಶುರು ಮಾಡಲೋ ಬೇಡವೋ?”

ಟೀಚರೇ,

ಹನ್ನೊಂದು ಜನ ಬಿಟ್ಟುಹೋದರು ಅಂತ ಬೇಸರ ಮಾಡಿಕೊಂಡಿದ್ದೀರಿ. ನನಗೆ ಮೂವರು ಉಳಿದದ್ದೇ ಆಶ್ಚರ್ಯ. ನೀವು ಶುರು ಮಾಡಿದ್ದು ನವೆಂಬರಿನಲ್ಲಿ. ಆಮೇಲೆ ಕೊಯ್ಲು ಬಂತು, ಮೊದಲು ಅರೇಬಿಕಾ, ಹಿಂದೆಯೇ ರೋಬಸ್ಟಾ. ಕೆ.ಜಿ. ಲೆಕ್ಕದಲ್ಲಿ ಹಣ್ಣು ಕೊಯ್ಯುವ ಆ ತಿಂಗಳುಗಳಲ್ಲೇ ಅವರ ಕೈಗೆ ನಾಲ್ಕು ಕಾಸು ಜಾಸ್ತಿ ಬರೋದು. ದಿನವಿಡೀ ಕೊಯ್ದು, ಚೀಲ ಹೊತ್ತು, ತೂಕಕ್ಕೆ ಸಾಲು ನಿಂತು, ಮನೆಗೆ ಬಂದು ಒಲೆ ಹೊತ್ತಿಸುವ ಹೊತ್ತಿಗೆ ನೀವು ಸ್ಲೇಟು ಹಿಡಿದು ನಿಂತಿರುತ್ತೀರಿ. ಇನ್ನು ಆನೆ ಸುದ್ದಿ ನಿಮಗೆ ನಾನು ಹೇಳಬೇಕೇ? ಕತ್ತಲಾದ ಮೇಲೆ ಒಂದು ಲೈನಿನಿಂದ ಇನ್ನೊಂದು ಲೈನಿಗೆ ನಡೆಯಲು ಗಂಡಸರೇ ಹೆದರುವ ಕಡೆ ನಿಮ್ಮ ಊರು. ವಯಸ್ಕರ ತರಗತಿ ಅಂದರೆ ಸಂಜೆಯೇ ಆಗಬೇಕು ಅಂತ ಬಯಲುಸೀಮೆಯಲ್ಲಿ ಕೂತ ಯಾರೋ ತೀರ್ಮಾನ ಮಾಡಿರಬೇಕು.

ಈಗ ಹೆಬ್ಬೆಟ್ಟಿನ ಮಾತು. ಮೊದಲು ‘ಹೆಬ್ಬೆಟ್ಟು’ ಅಂದರೆ ಬೈಗುಳ. ಈಗ ಓದಿದವರು, ಓದದವರು ಎಲ್ಲರೂ ಯಂತ್ರದ ಮೇಲೆ ಬೆರಳು ಇಡುತ್ತೇವೆ. ತಮಾಷೆ ಅಂದರೆ, ಕತ್ತಿ ಹಿಡಿದು, ಮಣ್ಣು ಅಗೆದು ಗೆರೆ ಸವೆದ ಬೆರಳನ್ನೇ ಆ ಯಂತ್ರ ಒಪ್ಪುವುದಿಲ್ಲ. ಒಪ್ಪಿದರೂ, ಪರದೆ ಮೇಲೆ ಎಷ್ಟು ದುಡ್ಡು ಅಂತ ಬಂತು, ಕೈಗೆ ಎಷ್ಟು ಕೊಟ್ಟರು ಅನ್ನುವುದನ್ನು ಬೆರಳು ಓದಲ್ಲ. ಫೋನೂ ಅಷ್ಟೇ. ಕೇಳಿದ್ದನ್ನು ಹೇಳುತ್ತದೆ. ಏನು ಕೇಳಬೇಕು ಅಂತ ಗೊತ್ತಿರಬೇಕಲ್ಲ.

ಮಕ್ಕಳಿಗೆ ಕಲಿಸಿದರೆ ಸಾಕು ಅನ್ನುವ ವಾದ ಹಳೆಯದು. ಅದಕ್ಕೆ ಜಾಸ್ತಿ ಹೇಳಲಾರೆ. ಕೊಯ್ಲಿನ ಕಾಲದಲ್ಲಿ ತಂಗಿಯನ್ನು ನೋಡಿಕೊಳ್ಳಲು ಅಕ್ಕನನ್ನು ಶಾಲೆ ಬಿಡಿಸುವುದೋ ಬೇಡವೋ ಅಂತ ತೀರ್ಮಾನ ಆಗುವುದು ಅದೇ ಲೈನ್ ಮನೆಯ ಒಲೆ ಮುಂದೆ. ಅಲ್ಲಿ ಕೂತ ತಾಯಿಗೂ ಅಕ್ಷರದ ಬೆಲೆ ಗೊತ್ತಿರಬೇಕಲ್ಲ.

2011ರ ಜನಗಣತಿ ಪ್ರಕಾರ ಕೊಡಗಿನ ಸಾಕ್ಷರತೆ ಶೇ. 82.61. ರಾಜ್ಯದ ಸರಾಸರಿಗಿಂತ ಮೇಲೆ. ನಾವು ಹೆಮ್ಮೆ ಪಡುತ್ತೇವೆ. ಆದರೆ ಗಣತಿಗೆ ಬಂದವರು ಯಾರ ಕೈಗೂ ಪುಸ್ತಕ ಕೊಟ್ಟು ಓದಿಸಿ ನೋಡುವುದಿಲ್ಲ. ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಸಹಿ ಮಾಡಲು ಬಂದರೆ ‘ಓದು ಬರುತ್ತೆ’ ಅಂತ ಹೇಳುವವರು ಎಷ್ಟೋ ಜನ. ಉಳಿದ ಹದಿನೇಳು ಚಿಲ್ಲರೆ ಎಲ್ಲಿದ್ದಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದಿವಾಸಿಗಳ ಹಾಡಿಗಳಲ್ಲಿ, ತೋಟದ ಲೈನುಗಳಲ್ಲಿ. ಅವರಲ್ಲೂ ಹೆಂಗಸರೇ ಜಾಸ್ತಿ. ಜಗತ್ತಿನಲ್ಲೂ ಇದೇ ಕಥೆ. ಓದು ಬಾರದ ವಯಸ್ಕರು 70 ಕೋಟಿಗೂ ಹೆಚ್ಚು, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಎರಡನೇ ಪುಟ. ‘ರ ಗ ಸ ದ ಅ’ದಿಂದ ಶುರು ಮಾಡಿದೆ ಅಂದಿದ್ದೀರಿ. ಸರಿಯಾದ ದಾರಿಯೇ. ಬರೆಯಲು ಸುಲಭ, ಆಕಾರ ಒಂದಕ್ಕೊಂದು ಹತ್ತಿರ. ಆಮೇಲೆ ಅವರಿಂದ ಬರೆಸಿದ್ದು ‘ಅರಸ’, ‘ಅಗಸ’, ‘ಸರ’. ಟೀಚರೇ, ಅದೇ ಐದು ಅಕ್ಷರದಲ್ಲಿ ‘ದರ’ ಕೂಡ ಇದೆ! ಕೆ.ಜಿ.ಗೆ ಎಷ್ಟು ಅಂತ ದಿನಾ ಜಗಳ ಆಡುವವರಿಗೆ ಮೊದಲ ದಿನವೇ ಆ ಪದ ಕೊಡಬಹುದಿತ್ತು. ಅರಸನನ್ನು ಕಟ್ಟಿಕೊಂಡು ಅವರಿಗೇನಾಗಬೇಕು?

ಬ್ರೆಜಿಲಿನ ಶಿಕ್ಷಣ ಚಿಂತಕ ಪಾಲೊ ಫ್ರೈರೆ ಹಿಡಿದದ್ದು ಇದೇ ದಾರಿ. ಅದೂ ಕಾಫಿ ಬೆಳೆಯುವ ದೇಶವೇ. 1963ರಲ್ಲಿ ಆಂಜಿಕೋಸ್ ಅನ್ನುವ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳ ತರಗತಿಯಲ್ಲಿ ಓದು ಕಲಿಸಲು ಹೊರಟರು. ಜನ ದಿನಾ ಆಡುವ ಪದಗಳನ್ನೇ ಆರಿಸಿ ಅವುಗಳಿಂದ ಅಕ್ಷರ ಬಿಡಿಸುತ್ತಿದ್ದರು. ಮನೆ ಕಟ್ಟುವವರಿಗೆ ‘ಇಟ್ಟಿಗೆ’. ಇಟ್ಟಿಗೆ ಯಾರು ಮಾಡುತ್ತಾರೆ, ಅದರ ಮನೆಯಲ್ಲಿ ಯಾರು ಇರುತ್ತಾರೆ ಅಂತ ಮಾತು ಬೆಳೆಯುತ್ತಿತ್ತು. ಆಗ ಅಲ್ಲಿ ಓದು ಬಾರದವರಿಗೆ ಮತದ ಹಕ್ಕೇ ಇರಲಿಲ್ಲ. (ನಾವು ಮೊದಲ ಚುನಾವಣೆಯಲ್ಲೇ ಚಿಹ್ನೆ ಇಟ್ಟು ಎಲ್ಲರಿಗೂ ಮತ ಕೊಟ್ಟೆವು. ಆ ಮಟ್ಟಿಗೆ ನಮ್ಮ ಹಿರಿಯರು ದೊಡ್ಡವರು.) 1964ರಲ್ಲಿ ಸೇನೆ ಅಧಿಕಾರ ಹಿಡಿದು ಫ್ರೈರೆಯನ್ನು ಜೈಲಿಗೆ ಹಾಕಿತು. ಅಕ್ಷರ ಕಲಿಸಿದ್ದಕ್ಕೆ ಜೈಲು ಅಂದರೆ ಅದರಲ್ಲಿ ಏನೋ ಇರಲೇಬೇಕಲ್ಲ.

ಅಷ್ಟು ದೂರ ಬೇಡ ಅಂದರೆ ಪುದುಕೋಟೆಗೆ ಬನ್ನಿ. ತಮಿಳುನಾಡಿನ ಆ ಜಿಲ್ಲೆಯಲ್ಲಿ 1990ರ ದಶಕದ ಶುರುವಿನಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಶೀಲಾ ರಾಣಿ ಚುಂಕತ್ ಆಗ ಅಲ್ಲಿ ಕಲೆಕ್ಟರ್. ಸಾವಿರಾರು ಹೆಂಗಸರು ಸೈಕಲ್ ಹತ್ತಿದರು. ನೆಲ್ಲೂರಿನ ದೂಬಗುಂಟದಲ್ಲಿ ಅಕ್ಷರ ಕಲಿಯಲು ಕೂತ ಹೆಂಗಸರು ಪಾಠದಲ್ಲಿ ಕುಡುಕ ಗಂಡನ ಕಥೆ ಓದಿ ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ಹಬ್ಬಿ 1993ರಲ್ಲಿ ಆಂಧ್ರದಲ್ಲಿ ಸಾರಾಯಿಯೇ ನಿಷೇಧವಾಯಿತು. ಆ ಹೆಂಗಸರ ಒತ್ತಕ್ಷರ ಸರಿ ಇತ್ತೋ ಇಲ್ಲವೋ, ಯಾರು ಕೇಳಿದರು?

ವಯಸ್ಕರಿಗೆ ಅಕ್ಷರ ಕಲಿಸುವ ಕೇಂದ್ರ ಸರ್ಕಾರದ ಈಗಿನ ‘ಉಲ್ಲಾಸ್’ ಯೋಜನೆ 2022ರಿಂದ ನಡೆಯುತ್ತಿದೆ. 15 ವರ್ಷ ದಾಟಿದ ಯಾರು ಬೇಕಾದರೂ ಸೇರಬಹುದು. ಕೊನೆಗೆ ಓದು, ಬರಹ, ಲೆಕ್ಕ ಒಂದೊಂದಕ್ಕೆ 50, ಒಟ್ಟು 150 ಅಂಕದ ಪರೀಕ್ಷೆ. ಲೆಕ್ಕಕ್ಕೂ ಓದಿನಷ್ಟೇ ಬೆಲೆ ಕೊಟ್ಟಿದ್ದು ನನಗೆ ಹಿಡಿಸಿತು. ನಿಮ್ಮ ಹೆಂಗಸರಿಗೆ ಬಾಯಿಲೆಕ್ಕ ನಮ್ಮಿಬ್ಬರಿಗಿಂತ ಚೆನ್ನಾಗಿ ಬರುತ್ತದೆ. ಬಾರದೇ ಇರುವುದು ಕಾಗದದ ಲೆಕ್ಕ. ಹಾಗಾಗಿ ಅಂಕಿಯಿಂದ ಶುರು ಮಾಡಿ, ಅಕ್ಷರ ಹಿಂದಿನಿಂದ ಬರಲಿ. ಲೈನಿನಲ್ಲಿರುವ ಯರವ ಆದಿವಾಸಿ ಮನೆಯವರಿಗೆ ಕನ್ನಡ ಮನೆಮಾತಲ್ಲ ಅನ್ನುವುದೂ ನೆನಪಿರಲಿ. ಅವರ ಮಾತಿನ ಪದಗಳನ್ನೇ ಕನ್ನಡ ಅಕ್ಷರದಲ್ಲಿ ಬರೆಸಿ ನೋಡಿ. ಕೊಡವ ತಕ್ಕನ್ನು (ಕೊಡವರ ಮಾತನ್ನು) ನಾವು ಬರೆಯುವುದು ಹಾಗೇ ಅಲ್ವಾ?

ಜೂನಿನಲ್ಲಿ ಶುರು ಮಾಡಿ. ಮಳೆಗೆ ಕೆಲಸ ಕಡಿಮೆ, ಜನ ಮನೆಯಲ್ಲಿರುತ್ತಾರೆ. ಸಂಜೆ ಬೇಡ, ಮಧ್ಯಾಹ್ನ ಇಟ್ಟುಕೊಳ್ಳಿ. ಭಾನುವಾರ ಸಂತೆ ಅಂತ ನೀವೇ ಬರೆದಿದ್ದೀರಿ, ಆ ದಿನ ಬಿಡಿ. ಡಿಸೆಂಬರ್ ಬಂದರೆ ನೀವೇ ರಜೆ ಕೊಟ್ಟುಬಿಡಿ. ಅವರು ಬಿಟ್ಟುಹೋದರು ಅನ್ನುವ ನೋವು ಇರಲ್ಲ. ಮಾರ್ಚಿನಲ್ಲಿ ಅರ್ಧ ಮರೆತಿರುತ್ತಾರೆ, ಮತ್ತೆ ಕಲಿಸಿ. ಮರೆಯೋದು ಎಲ್ಲ ದೇಶದಲ್ಲೂ ಇದ್ದದ್ದೇ.

ಇನ್ನೊಂದು. ನಾಲ್ಕನೇ ಪುಟದ ಅಂಚಿನಲ್ಲಿ ಸುಮ್ನೆ ಒಂದು ಸಾಲು ಗೀಚಿದ್ದೀರಿ: ಉಳಿದ ಮೂವರಲ್ಲಿ ಒಬ್ಬಾಕೆ ತೂಕದ ಚೀಟಿ ಹಿಡಿದು ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ವಾಪಸ್ ಹೋಗಿ, “ಇದು 33 ಅಲ್ಲ ಅಣ್ಣ, 38” ಅಂದಳು ಅಂತ. ಇಷ್ಟು ದೊಡ್ಡ ಸುದ್ದಿಯನ್ನು ಅಂಚಿನಲ್ಲಿ ಹಾಕುವುದೇ? ಆಮೇಲೆ ಏನಾಯಿತು? ಅವರು ತಿದ್ದಿಕೊಟ್ಟರೋ ಇಲ್ಲವೋ? ಆ ಚೀಟಿ ಇನ್ನೂ ಆಕೆ ಹತ್ತಿರ ಇದ್ದರೆ ತೋಟದ ಹೆಸರು ಮುಚ್ಚಿ ಒಂದು ಫೋಟೋ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ